ಕಡಲಿನ ವಾರದ ನಕ್ಷೆ: ಉಪಗ್ರಹದ ದತ್ತಾಂಶದಿಂದ ನೀವೇ ಮಾಡಿಕೊಳ್ಳುವ ಬಗೆ

ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಅದಕ್ಕೆ ಕಾಣುವುದು ಕಡಲಿನ ಮೇಲ್ಪದರ ಮಾತ್ರ: ನೀರಿನ ಬಣ್ಣ, ನೀರಿನ ಬಿಸಿ, ಮಟ್ಟದ ಏರಿಳಿತ, ಮೇಲ್ಮೈಯ ಒರಟುತನ. ಈ ನಾಲ್ಕನ್ನು ಹಿಡಿದು ‘ಇಲ್ಲಿ ಮೀನು ಸೇರಿರಬಹುದು’ ಎಂದು ಊಹಿಸುವುದು ಒಂದು ಕೆಲಸ. ‘ಈ ವಾರ ಇಲ್ಲಿ ಬಲೆ ಬೇಡ’ ಎಂದು ಹೇಳುವುದು ಇನ್ನೊಂದು ಕೆಲಸ. ಎರಡಕ್ಕೂ ದತ್ತಾಂಶ ಒಂದೇ. ನಿಜ ಹೇಳಬೇಕೆಂದರೆ ಎರಡನೆಯದನ್ನೇ ಹೆಚ್ಚು ಧೈರ್ಯವಾಗಿ ಹೇಳಬಹುದು. ಹಾಗಾಗಿ ಇಲ್ಲಿ ವಿವರಿಸುವ ನಕ್ಷೆಯಲ್ಲಿ ಬೇಡದ ಜಾಗಗಳ ಪದರ ಮೊದಲು ಬರುತ್ತದೆ, ಮೀನು ಹುಡುಕುವ ಪದರ ಆಮೇಲೆ.

ಮೀನುಗಾರರ ಸಂಘ, ಕಾಲೇಜಿನ ಲ್ಯಾಬ್, ಹವಳದ ದಿಬ್ಬ ಕಾಯುವ ತಂಡ, ಯಾರು ಬೇಕಾದರೂ ಇದನ್ನು ಮಾಡಬಹುದು. ಮೊದಲೆರಡು ವಾರ ತಿಣುಕಾಡಬೇಕಾಗುತ್ತದೆ. ಕೈ ಪಳಗಿದ ಮೇಲೆ ವಾರಕ್ಕೆ ಅರ್ಧ ದಿನದ ಕೆಲಸ.

ಬೇಕಾಗುವ ಸಾಮಾನು

8 ಜಿಬಿ ರ‍್ಯಾಮ್ ಇರುವ ಸಾಧಾರಣ ಕಂಪ್ಯೂಟರ್ ಸಾಕು. ಕಡತ ತೆರೆದು ನೋಡಲು ನಾಸಾದ ಪನೋಪ್ಲಿ, ಬಣ್ಣದ ದತ್ತಾಂಶ ಸಂಸ್ಕರಿಸಲು ನಾಸಾದ ಸೀಡ್ಯಾಸ್ ಅಥವಾ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್, ನಕ್ಷೆ ಕಟ್ಟಲು ಕ್ಯೂಜಿಐಎಸ್. ಎಲ್ಲವೂ ಉಚಿತ. ಪೈಥಾನ್ ಬರುವವರು ಎಕ್ಸ್‌ಅರೇ ಎಂಬ ಲೈಬ್ರರಿ ಬಳಸಿದರೆ ಡೌನ್‌ಲೋಡಿನಿಂದ ನಕ್ಷೆಯವರೆಗೆ ಒಂದೇ ಸ್ಕ್ರಿಪ್ಟಿನಲ್ಲಿ ಮುಗಿಯುತ್ತದೆ. ಅರ್ಥ್‌ಡೇಟಾ (ನಾಸಾದ್ದು) ಮತ್ತು ಕೋಪರ್ನಿಕಸ್ ಮರೀನ್ (ಯುರೋಪಿನದ್ದು) ದತ್ತಾಂಶ ತಾಣಗಳಲ್ಲಿ ಒಂದೊಂದು ಉಚಿತ ಖಾತೆ ತೆರೆದುಕೊಳ್ಳಿ.

ದೋಣಿಗೆ ಬೇಕಾದದ್ದು: ಜಿಪಿಎಸ್, 0.1 ಡಿಗ್ರಿ ತೋರಿಸುವ ಥರ್ಮಾಮೀಟರ್, ಹಗ್ಗಕ್ಕೆ ಕಟ್ಟಿದ 30 ಸೆಂ.ಮೀ. ವ್ಯಾಸದ ಬಿಳಿ ತಟ್ಟೆ (ಸೆಕ್ಕಿ ತಟ್ಟೆ), ಅಳತೆಪಟ್ಟಿ, ಒಂದು ನೋಟ್‌ಬುಕ್ಕು. ಈ ಕೊನೆಯ ಸಾಮಾನುಗಳಿಲ್ಲದೆ ಉಳಿದದ್ದೆಲ್ಲ ಇದ್ದರೂ ನಕ್ಷೆಯ ಸರಿತಪ್ಪು ಗೊತ್ತಾಗುವುದಿಲ್ಲ.

ಯಾವ ದತ್ತಾಂಶ ಆರಿಸಬೇಕು

ಎಲ್ಲ ದತ್ತಾಂಶಕ್ಕೂ ಹಂತಗಳಿವೆ. ಹಂತ 2 ಎಂದರೆ ಉಪಗ್ರಹ ಹಾದುಹೋದ ದಾರಿಯಲ್ಲೇ ಕಂಡಂತೆ ಕೊಟ್ಟ ಅಳತೆ. ಹಂತ 3 ಎಂದರೆ ಅದನ್ನು ಅಕ್ಷಾಂಶ-ರೇಖಾಂಶದ ಚೌಕಗಳಿಗೆ ಕೂರಿಸಿದ್ದು. ಮೋಡವಿದ್ದಲ್ಲಿ ಖಾಲಿ ಬಿಟ್ಟಿರುತ್ತದೆ. ಹಂತ 4ರಲ್ಲಿ ಹಲವು ಉಪಗ್ರಹಗಳ ಅಳತೆ ಸೇರಿಸಿ ಖಾಲಿ ಜಾಗಗಳನ್ನು ಲೆಕ್ಕದಿಂದ ತುಂಬಿರುತ್ತಾರೆ. ಹಂತ 4ರ ನಕ್ಷೆ ನೋಡಲು ಬಲು ಚೆಂದ, ಎಲ್ಲೂ ತೂತಿಲ್ಲ. ಮೋಸ ಹೋಗುವುದೂ ಅಲ್ಲೇ. ನಾಲ್ಕು ದಿನ ಮೋಡ ಕವಿದಿದ್ದ ಜಾಗದ ತಾಪಮಾನವನ್ನೂ ಅದು ನಿನ್ನೆ ಅಳೆದಂತೆ ತೋರಿಸುತ್ತದೆ. ಆದ್ದರಿಂದ ವಾರದ ಒಟ್ಟು ಚಿತ್ರಕ್ಕೆ, ಬಿಸಿಯ ಲೆಕ್ಕಕ್ಕೆ ಹಂತ 4. ನೀರಿನ ಅಂಚು (ಎರಡು ಬಗೆಯ ನೀರು ಕೂಡುವ ಗೆರೆ) ಹುಡುಕಲು ಹಂತ 3 ಅಥವಾ 2. ಹಂತ 4ರ ಜೊತೆಗೆ ಬರುವ ‘ಅಂದಾಜು ದೋಷ’ದ ಪದರವನ್ನೂ ತಪ್ಪದೆ ಇಳಿಸಿಕೊಳ್ಳಿ. ದೋಷ ದೊಡ್ಡದಿದ್ದಲ್ಲಿ ನಿಜವಾದ ಅಳತೆ ಇರಲಿಲ್ಲ ಎಂದೇ ಅರ್ಥ.

ಮೇಲ್ಮೈ ತಾಪಮಾನಕ್ಕೆ ಹಂತ 4ರಲ್ಲಿ ನಾಸಾದ ಎಂಯುಆರ್ ಎಂಬ ದತ್ತಾಂಶ ಇದೆ: 0.01 ಡಿಗ್ರಿ ಚೌಕ, ಅಂದರೆ ಸುಮಾರು ಒಂದು ಕಿಲೋಮೀಟರು, 2002ರ ಜೂನ್‌ನಿಂದ ದಿನಕ್ಕೊಂದು. ಬ್ರಿಟನ್ನಿನ ಹವಾಮಾನ ಇಲಾಖೆಯ ಓಸ್ಟಿಯಾ 0.05 ಡಿಗ್ರಿಯದು. ಹಂತ 2 ಮತ್ತು 3ಕ್ಕೆ ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಉಪಗ್ರಹಗಳ ಮೇಲಿರುವ ವಿಐಐಆರ್‌ಎಸ್ ಉಪಕರಣ, ಇಲ್ಲವೇ ಯುರೋಪಿನ ಸೆಂಟಿನೆಲ್-3 ಉಪಗ್ರಹ. ಇವೆಲ್ಲ ಅವಗೆಂಪು ಕಿರಣದಲ್ಲಿ ನೋಡುತ್ತವೆ; ಮೋಡದಾಚೆ ಕಾಣುವುದಿಲ್ಲ. ಮೈಕ್ರೊವೇವ್‌ನಲ್ಲಿ ನೋಡುವ ಎಎಂಎಸ್‌ಆರ್-2ಕ್ಕೆ ಮೋಡ ಅಡ್ಡಿಯಲ್ಲ, ಆದರೆ ಜೋರು ಮಳೆ ಅಡ್ಡಿ. ಅದರ ಚೌಕ ಸುಮಾರು 25 ಕಿ.ಮೀ. ಅಗಲ; ನೆಲದ ಹೊಳಪು ಸೇರಿಕೊಳ್ಳುವುದರಿಂದ ಕರಾವಳಿಯ ಹತ್ತಿರದ ಅಳತೆಯನ್ನು ಕೈಬಿಟ್ಟಿರುತ್ತಾರೆ. ದಡದ ದೋಣಿಗೆ ಅದರಿಂದ ಉಪಯೋಗವಿಲ್ಲ.

ಬಣ್ಣಕ್ಕೆ ದಡದ ಹತ್ತಿರವಾದರೆ ಸೆಂಟಿನೆಲ್-3ರ ಓಲ್ಸಿ ಉಪಕರಣವೇ ಮೊದಲ ಆಯ್ಕೆ. 300 ಮೀಟರಿನ ಪಿಕ್ಸೆಲ್, 21 ಬಣ್ಣಪಟ್ಟಿ, 1,270 ಕಿ.ಮೀ. ಅಗಲದ ನೋಟ. ಭಾರತ 2022ರ ನವೆಂಬರಿನಲ್ಲಿ ಹಾರಿಸಿದ ಓಷನ್‌ಸ್ಯಾಟ್-3ರಲ್ಲಿ 13 ಪಟ್ಟಿಗಳ ಬಣ್ಣದ ಉಪಕರಣವಿದೆ. 2024ರ ಫೆಬ್ರವರಿಯಲ್ಲಿ ಹೋದ ನಾಸಾದ ಪೇಸ್, ಅತಿನೇರಳೆಯಿಂದ ಅವಗೆಂಪಿನ ಅಂಚಿನವರೆಗೆ ಬಣ್ಣವನ್ನು ಬಿಡಿಬಿಡಿಯಾಗಿ ಅಳೆಯುತ್ತದೆ; ಯಾವ ಜಾತಿಯ ಪಾಚಿ ಎಂದು ಗುರುತಿಸಲು ಅದು ಒಳ್ಳೆಯದು. ತೆರೆದ ಕಡಲಿಗೆ ಹಂತ 3ರ 4 ಕಿ.ಮೀ. ಚೌಕದ ಕ್ಲೋರೊಫಿಲ್ (ಪಾಚಿಯ ಹಸಿರು) ನಕ್ಷೆಯೇ ಸಾಕು.

ಇಳಿಸುವಾಗ, ತೊಳೆಯುವಾಗ

ನಿಮ್ಮ ಪ್ರದೇಶದ ಸುತ್ತ ಎರಡು ಡಿಗ್ರಿ ಹೆಚ್ಚುವರಿ ಬಿಟ್ಟು ಚೌಕ ಕತ್ತರಿಸಿ ಇಳಿಸಿ. ಅಂಚಿನಲ್ಲಿ ಲೆಕ್ಕಗಳು ಕೆಡುತ್ತವೆ; ಆ ಹೆಚ್ಚುವರಿಯನ್ನು ಕೊನೆಯಲ್ಲಿ ಕತ್ತರಿಸಿ ಬಿಸಾಡಬೇಕು. ಕೆಲವು ಕಡತಗಳಲ್ಲಿ ರೇಖಾಂಶ ಸೊನ್ನೆಯಿಂದ 360, ಇನ್ನು ಕೆಲವಲ್ಲಿ ಮೈನಸ್ 180ರಿಂದ 180. ಎರಡನ್ನೂ ಒಂದೇ ನಕ್ಷೆಗೆ ಹಾಕಿದರೆ ಪಶ್ಚಿಮ ಗೋಳಾರ್ಧದ ಪದರ ಭೂಮಿಯ ಆಚೆ ಬದಿಗೆ ಹೋಗಿ ಕೂರುತ್ತದೆ. ಅಕ್ಷಾಂಶ ಕೆಲವು ಕಡತದಲ್ಲಿ ಉತ್ತರದಿಂದ, ಕೆಲವಲ್ಲಿ ದಕ್ಷಿಣದಿಂದ ಶುರುವಾಗುತ್ತದೆ. ತಲೆಕೆಳಗಾದ ನಕ್ಷೆ ಬಂದರೆ ಕಾರಣ ಇದು. ಸಮಯವೆಲ್ಲ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ದೋಣಿಯ ನೋಟ್‌ಬುಕ್ಕನ್ನೂ ಅದೇ ಸಮಯಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ತಾರೀಖೇ ತಪ್ಪುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಕಡತದಲ್ಲಿ ತಾಪಮಾನವನ್ನು ನೇರವಾಗಿ ಬರೆದಿರುವುದಿಲ್ಲ. ಪೂರ್ಣಾಂಕವಾಗಿ ಕುಗ್ಗಿಸಿ ಇಟ್ಟಿರುತ್ತಾರೆ. ಅದನ್ನು ಒಂದು ಅಂಶದಿಂದ ಗುಣಿಸಿ, ಇನ್ನೊಂದನ್ನು ಕೂಡಿಸಬೇಕು. ಎಂಯುಆರ್‌ನಲ್ಲಿ ಗುಣಕ 0.001, ಕೂಡುವ ಸಂಖ್ಯೆ 298.15, ಖಾಲಿ ಜಾಗದ ಗುರುತು ಮೈನಸ್ 32768. ನಿಮ್ಮ ತಂತ್ರಾಂಶ ಆ ಗುರುತನ್ನು ಖಾಲಿ ಎಂದು ತಿಳಿಯದೆ ಸಂಖ್ಯೆಯೆಂದೇ ಓದಿದರೆ 298.15ರಿಂದ 32.768 ಕಳೆದು 265.38 ಕೆಲ್ವಿನ್ ಬರುತ್ತದೆ. 273.15 ಕಳೆದರೆ ಮೈನಸ್ 7.8 ಡಿಗ್ರಿ ಸೆಲ್ಸಿಯಸ್. ನಂಬಲು ಆಗದಷ್ಟು ದೊಡ್ಡ ಸಂಖ್ಯೆಯಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರು; ಇದು ಚಳಿನಾಡಿನ ನೆಲದ ತಾಪಮಾನದಂತೆಯೇ ಕಾಣುತ್ತದೆ, ಹಾಗಾಗಿ ಸದ್ದಿಲ್ಲದೆ ಸರಾಸರಿಯೊಳಗೆ ನುಸುಳುತ್ತದೆ. ದಡದ ಉದ್ದಕ್ಕೂ ತಣ್ಣೀರಿನ ಪಟ್ಟಿ ಕಂಡರೆ, ಕೆಳಗಿನಿಂದ ನೀರು ಮೇಲೆದ್ದಿದೆ ಎಂದು ಖುಷಿಪಡುವ ಮುಂಚೆ ಕಡತದ ಕನಿಷ್ಠ ಬೆಲೆ ನೋಡಿ. ಸಮುದ್ರದ ನೀರು ಮೈನಸ್ 1.9 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಕೆಳಗಿನ ಅಂಕಿ ನೀರಿನದ್ದಲ್ಲ.

ಗುಣಮಟ್ಟದ ಅಂಕಗಳೂ ಹೀಗೆಯೇ ಕಾಲು ಎಳೆಯುತ್ತವೆ. ನಾಸಾದ ಸಾಗರ-ಬಣ್ಣ ತಂಡ ಕೊಡುವ ತಾಪಮಾನದ ಕಡತದಲ್ಲಿ 0 ಎಂದರೆ ಅತ್ಯುತ್ತಮ, ಅಂಕ ಏರಿದಷ್ಟೂ ಕೆಟ್ಟದ್ದು. ಜಿಎಚ್‌ಆರ್‌ಎಸ್‌ಎಸ್‌ಟಿ (ತಾಪಮಾನದ ದತ್ತಾಂಶಕ್ಕೆ ಹಲವು ದೇಶಗಳ ಕೂಟ ಗೊತ್ತುಮಾಡಿದ) ಮಾದರಿಯ ಕಡತದಲ್ಲಿ 5 ಅತ್ಯುತ್ತಮ. ಒಂದಕ್ಕೆ ಬರೆದ ಜರಡಿಯನ್ನು ಇನ್ನೊಂದಕ್ಕೆ ಹಾಕಿದರೆ ಒಳ್ಳೆಯ ಪಿಕ್ಸೆಲ್ ಎಲ್ಲ ಹೋಗಿ ಮೋಡವೇ ಉಳಿಯುತ್ತದೆ. ಬಣ್ಣದ ಕಡತದಲ್ಲಿ ನೆಲ, ಮೋಡ, ಸೂರ್ಯನ ಹೊಳಪು, ಅಕ್ಕಪಕ್ಕದಿಂದ ಚದುರಿದ ಬೆಳಕು ಇವುಗಳ ಗುರುತು ಬಿದ್ದ ಪಿಕ್ಸೆಲ್‌ಗಳನ್ನು ಕಡ್ಡಾಯವಾಗಿ ತೆಗೆಯಿರಿ. ಮೋಡದ ಗುರುತಿನ ಸುತ್ತ ಇನ್ನೂ ಎರಡು ಪಿಕ್ಸೆಲ್ ಹೆಚ್ಚಿಗೆ ತೆಗೆಯುವುದು ಒಳ್ಳೆಯ ಅಭ್ಯಾಸ. ಮೋಡದ ಅಂಚು ತೆಳ್ಳಗಿದ್ದು ಗುರುತಿಗೆ ಸಿಗದೆ ನೀರನ್ನು ತಣ್ಣಗೆ ತೋರಿಸುತ್ತದೆ, ಅಲ್ಲೊಂದು ಸುಳ್ಳು ಗಡಿ ಹುಟ್ಟುತ್ತದೆ.

ತಾಪಮಾನಕ್ಕೆ ಸಾಧ್ಯವಾದಷ್ಟೂ ರಾತ್ರಿಯ ನೋಟವನ್ನೇ ಬಳಸಿ. ಗಾಳಿಯಿಲ್ಲದ ಬಿಸಿಲ ಮಧ್ಯಾಹ್ನ ನೀರಿನ ಮೇಲಿನ ಒಂದು ಮೀಟರು ಕೆಳಗಿನದಕ್ಕಿಂತ ಎರಡು-ಮೂರು ಡಿಗ್ರಿ ಹೆಚ್ಚು ಕಾಯಬಹುದು. ಆ ಬಿಸಿ ಸಂಜೆಯ ಗಾಳಿಗೆ ಕಲಸಿಹೋಗುತ್ತದೆ. ಅದನ್ನು ನಂಬಿ ಗುರುತು ಹಾಕಿದ ಜಾಗವೂ ಹಾಗೆಯೇ ಹೋಗುತ್ತದೆ.

ದತ್ತಾಂಶವನ್ನು ಕೊಡುವವರು ಕಾಲಕಾಲಕ್ಕೆ ಇಡೀ ಸಂಗ್ರಹವನ್ನು ಹೊಸ ವಿಧಾನದಿಂದ ಮರುಸಂಸ್ಕರಿಸುತ್ತಾರೆ. ಹಳೆಯ ಆವೃತ್ತಿಯ ಹತ್ತು ವರ್ಷ, ಹೊಸ ಆವೃತ್ತಿಯ ಎರಡು ವರ್ಷ ಕೂಡಿಸಿ ರೇಖೆ ಎಳೆದರೆ ಇಲ್ಲದ ಬದಲಾವಣೆ ಕಾಣುತ್ತದೆ. ಕಡತದ ಹೆಸರಿನಲ್ಲೇ ಆವೃತ್ತಿ ಬರೆದಿಡಿ.

ಬೇಡದ ಜಾಗಗಳ ಪದರ

ಸಂರಕ್ಷಿತ ಕಡಲ ಪ್ರದೇಶಗಳ ಗಡಿಯನ್ನು ಪ್ರೊಟೆಕ್ಟೆಡ್ ಪ್ಲಾನೆಟ್ ತಾಣದಿಂದ ಇಳಿಸಿಕೊಳ್ಳಬಹುದು. ನಿಮ್ಮ ದೇಶದ ಅಧಿಸೂಚನೆಯ ಗಡಿಯೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಅಧಿಸೂಚನೆಯೇ ಸರಿ. ಇದಕ್ಕೆ ಮೀನು ಮೊಟ್ಟೆಯಿಡುವ ಜಾಗ, ಮರಿ ಬೆಳೆಯುವ ಜಾಗ, ನಿಷೇಧದ ತಿಂಗಳು ಸೇರಿಸಿ. ಇವಕ್ಕೆ ಉಪಗ್ರಹ ಬೇಕಿಲ್ಲ. ಹಳೆಯ ಮೀನುಗಾರರಲ್ಲಿ ಕೇಳಿದರೆ ಬಹುಪಾಲು ಸಿಗುತ್ತದೆ.

ಗಡಿ ಎಳೆದರೆ ಸಾಲದು, ಸುತ್ತ ಬೇಲಿಯೂ ಬೇಕು. ಏಕೆಂದರೆ ಬಲೆ ಬಿಟ್ಟ ಜಾಗದಲ್ಲೇ ಇರುವುದಿಲ್ಲ. ಸೆಕೆಂಡಿಗೆ 0.3 ಮೀಟರು ಹರಿವಿರುವಲ್ಲಿ ತೇಲುವ ಬಲೆಯನ್ನು ಆರು ಗಂಟೆ ಬಿಟ್ಟರೆ 0.3 × 21,600, ಅಂದರೆ ಸುಮಾರು ಆರೂವರೆ ಕಿಲೋಮೀಟರು ಸರಿಯುತ್ತದೆ. ಬಲೆಯೇ ಎರಡು ಕಿಲೋಮೀಟರು ಉದ್ದವಿದ್ದರೆ ಹರಿವು ಬರುವ ಕಡೆಗೆ ಎಂಟೂವರೆ ಕಿಲೋಮೀಟರಿನ ಬೇಲಿ ಬೇಕು. ಒಂದು ಮೈಲಿ ಆಚೆಗೆ ಬಿಟ್ಟಿದ್ದೆವು ಎಂದು ಹೇಳಿಕೊಂಡು ಪ್ರಯೋಜನವಿಲ್ಲ.

ಇನ್ನು ಚಲಿಸುವ ಬೇಲಿ. ಕೆಲವು ಜೀವಿಗಳು ಒಂದೇ ಜಾಗದಲ್ಲಿರುವುದಿಲ್ಲ, ತಮಗೆ ಹಿತವಾದ ನೀರಿನೊಂದಿಗೆ ಸಾಗುತ್ತವೆ. ಹವಾಯಿಯ ಉತ್ತರದ ಕಡಲಿನಲ್ಲಿ ಕತ್ತಿಮೀನಿಗೆ ಗಾಳದ ಉದ್ದ ಹಗ್ಗ ಬಿಡುವ ದೋಣಿಗಳಿಗೆ ಅಮೆರಿಕದ ನೋವಾ ಸಂಸ್ಥೆ 2006ರಲ್ಲಿ ಟರ್ಟಲ್‌ವಾಚ್ ಎಂಬ ನಕ್ಷೆ ಕೊಡಲಾರಂಭಿಸಿತು. ಅಲ್ಲಿನ ಲಾಗರ್‌ಹೆಡ್ ಆಮೆಗಳು ಗಾಳಕ್ಕೆ ಸಿಕ್ಕಿಬೀಳುವುದು ಹೆಚ್ಚಾಗಿ ಒಂದು ಕಿರಿದಾದ ತಾಪಮಾನದ ಪಟ್ಟಿಯಲ್ಲಿ, 17.5ರಿಂದ 18.5 ಡಿಗ್ರಿಯ ನೀರನ್ನು ಬಿಟ್ಟು ಹಿಡಿಯಿರಿ ಎಂಬುದು ಅದರ ಸಲಹೆ. ಆ ಅಂಕಿಯನ್ನು ಬೇರೆ ಕಡಲಿಗೆ ಎತ್ತಿಹಾಕಬೇಡಿ. ವಿಧಾನವನ್ನು ಮಾತ್ರ ತೆಗೆದುಕೊಳ್ಳಿ: ಬೇಡದ ಜೀವಿ ಸಿಕ್ಕಿಬಿದ್ದ ಪ್ರತಿ ಸಲ ಜಾಗ, ಸಮಯ ಬರೆಯಿರಿ, ಆ ದಿನದ ಉಪಗ್ರಹ ತಾಪಮಾನವನ್ನು ಪಕ್ಕದಲ್ಲಿ ಹಾಕಿ. ಮೂವತ್ತು-ನಲವತ್ತು ಸಲದ ದಾಖಲೆ ಸೇರಿದಾಗ ಪಟ್ಟಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಏನೂ ಸಿಗದ ದಿನಗಳ ದಾಖಲೆಯೂ ಅಷ್ಟೇ ಮುಖ್ಯ. ಅದಿಲ್ಲದೆ, ದೋಣಿ ಎಲ್ಲಿಗೆ ಹೋಗಿತ್ತೋ ಆ ತಾಪಮಾನವೇ ಆಮೆಯ ತಾಪಮಾನವಾಗಿ ಕಾಣುತ್ತದೆ.

ಹವಳದ ದಿಬ್ಬ ಇರುವಲ್ಲಿ ಬಿಸಿಯ ಲೆಕ್ಕ ಬೇಕು. ನೋವಾದ ಕೋರಲ್ ರೀಫ್ ವಾಚ್ 5 ಕಿ.ಮೀ. ಚೌಕದಲ್ಲಿ ದಿನವೂ ಇದನ್ನು ಕೊಡುತ್ತದೆ, ಆದರೂ ಒಮ್ಮೆ ಕೈಯಲ್ಲೇ ಮಾಡಿ ನೋಡಿದರೆ ಅಂಕಿಯ ಅರ್ಥ ಮನಸ್ಸಿನಲ್ಲಿ ಕೂರುತ್ತದೆ. ಆ ಜಾಗದ ದೀರ್ಘಕಾಲದ ಮಾಸಿಕ ಸರಾಸರಿಗಳಲ್ಲಿ ಅತಿ ಬಿಸಿ ತಿಂಗಳಿನದ್ದು 29.0 ಡಿಗ್ರಿ ಎಂದುಕೊಳ್ಳಿ. ಅದಕ್ಕಿಂತ ಒಂದು ಡಿಗ್ರಿ ಅಥವಾ ಹೆಚ್ಚು ಬಿಸಿಯಿದ್ದ ವಾರವನ್ನು ಮಾತ್ರ ಎಣಿಸಬೇಕು. ಆರು ವಾರಗಳ ಸರಾಸರಿ 29.6, 30.1, 30.4, 30.2, 29.9, 30.3. ಮೊದಲ ವಾರದ ಹೆಚ್ಚಳ 0.6, ಬಿಡಿ. ಐದನೆಯದು 0.9, ಅದನ್ನೂ ಬಿಡಿ. ಉಳಿದ 1.1, 1.4, 1.2, 1.3 ಕೂಡಿದರೆ 5.0. ಇದೇ ‘ಡಿಗ್ರಿ-ವಾರ’. ಕಳೆದ 12 ವಾರಗಳನ್ನು ಹೀಗೆ ಕೂಡುತ್ತ ಹೋಗಬೇಕು. 4 ದಾಟಿದರೆ ಹವಳ ಗಣನೀಯವಾಗಿ ಬಿಳಿಚಿಕೊಳ್ಳುವ ಸಂಭವ, 8 ದಾಟಿದರೆ ತೀವ್ರವಾಗಿ ಬಿಳಿಚಿ ಸಾಯುವ ಸಂಭವ. 4 ದಾಟಿದ ದಿಬ್ಬದ ಮೇಲೆ ಲಂಗರು ಹಾಕುವುದು ನಿಲ್ಲಬೇಕು, ಮುಳುಗಿ ನೋಡುವ ಡೈವರುಗಳ ಸಂಖ್ಯೆ ಇಳಿಯಬೇಕು. ಗಿಳಿಮೀನಿನಂತಹ ಪಾಚಿ ಮೇಯುವ ಮೀನುಗಳನ್ನು ಹಿಡಿಯುವುದನ್ನೂ ನಿಲ್ಲಿಸಿ. ಬಿಳಿಚಿದ ಹವಳದ ಮೇಲೆ ಪಾಚಿ ಹಬ್ಬದಂತೆ ನೋಡಿಕೊಳ್ಳುವುದು ಅವೇ.

ನೀರಿನ ಗಡಿ ಹುಡುಕುವುದು

ಎರಡು ಬಗೆಯ ನೀರು ಕೂಡುವ ಅಂಚಿಗೆ ಫ್ರಂಟ್ ಎನ್ನುತ್ತಾರೆ. ಅಂಚಿನಲ್ಲಿ ತೇಲುವುದೆಲ್ಲ ಬಂದು ಸೇರುತ್ತದೆ, ಅದನ್ನು ತಿನ್ನುವ ಸಣ್ಣ ಮೀನು, ಸಣ್ಣದನ್ನು ತಿನ್ನುವ ದೊಡ್ಡ ಮೀನು ಬೆನ್ನು ಹತ್ತುತ್ತವೆ. ಕಣ್ಣಿಗೆ ನೊರೆಯ ಸಾಲಾಗಿ, ಕಸದ ಗೆರೆಯಾಗಿ ಕಾಣುವುದು ಇದೇ. ಉಪಗ್ರಹದ ನಕ್ಷೆಯಲ್ಲಿ ತಾಪಮಾನ ಸಟ್ಟನೆ ಬದಲಾಗುವ ಗೆರೆ.

ಮೊದಲು 3 × 3 ಚೌಕದ ಮಧ್ಯಮ ಬೆಲೆ (ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆದು ಗದ್ದಲ, ಅಂದರೆ ಅಳತೆಯ ಬಿಡಿ ತಪ್ಪುಗಳನ್ನು, ಕಡಿಮೆ ಮಾಡಿ. ಸರಾಸರಿ ತೆಗೆಯಬೇಡಿ, ಅದು ಅಂಚನ್ನೇ ಸವೆಸುತ್ತದೆ. ಆಮೇಲೆ ಪ್ರತಿ ಪಿಕ್ಸೆಲ್‌ನಲ್ಲೂ ಇಳಿಜಾರು, ಅಂದರೆ ಕಿಲೋಮೀಟರಿಗೆ ತಾಪಮಾನ ಎಷ್ಟು ಬದಲಾಗುತ್ತದೆ ಎಂಬುದನ್ನು, ಲೆಕ್ಕ ಹಾಕಿ. ಒಂದೇ ಪಿಕ್ಸೆಲ್ ಹಿಡಿದು ನೋಡೋಣ. 30 ಡಿಗ್ರಿ ಅಕ್ಷಾಂಶ, 0.01 ಡಿಗ್ರಿಯ ಚೌಕ. ಉತ್ತರ-ದಕ್ಷಿಣವಾಗಿ ಒಂದು ಚೌಕ 1.11 ಕಿ.ಮೀ.; ಪೂರ್ವ-ಪಶ್ಚಿಮವಾಗಿ 1.11ನ್ನು 30 ಡಿಗ್ರಿಯ ಕೊಸೈನ್ 0.866ರಿಂದ ಗುಣಿಸಿದರೆ 0.96 ಕಿ.ಮೀ. ಪೂರ್ವದ ಪಿಕ್ಸೆಲ್ 27.9, ಪಶ್ಚಿಮದ್ದು 27.5: ಎರಡು ಚೌಕದ ದೂರ 1.92 ಕಿ.ಮೀ.ಯಲ್ಲಿ 0.4 ಡಿಗ್ರಿ, ಅಂದರೆ ಕಿಲೋಮೀಟರಿಗೆ 0.21. ಉತ್ತರ 27.8, ದಕ್ಷಿಣ 27.7: 2.22 ಕಿ.ಮೀ.ಯಲ್ಲಿ 0.1, ಅಂದರೆ 0.045. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಕಿಲೋಮೀಟರಿಗೆ 0.21 ಡಿಗ್ರಿ. ಇದು ಚುರುಕಾದ ಅಂಚು. ಕೊಸೈನ್ ಮರೆತರೆ ಪೂರ್ವ-ಪಶ್ಚಿಮದ ಇಳಿಜಾರು ಕಡಿಮೆ ಬರುತ್ತದೆ, ಧ್ರುವದ ಕಡೆ ಹೋದಂತೆ ತಪ್ಪು ಬೆಳೆಯುತ್ತದೆ.

ಎಷ್ಟಿದ್ದರೆ ಅಂಚು ಎಂಬುದಕ್ಕೆ ಎಲ್ಲ ಕಡಲಿಗೂ ಹೊಂದುವ ಅಂಕಿ ಇಲ್ಲ. ಆ ದಿನದ ನಕ್ಷೆಯ ಇಳಿಜಾರುಗಳಲ್ಲಿ ಮೇಲಿನ ಹತ್ತನೇ ಒಂದು ಪಾಲನ್ನು ಮೊದಲು ಗುರುತು ಮಾಡಿ. ಅದರಲ್ಲಿ 20 ಕಿ.ಮೀ.ಗಿಂತ ಉದ್ದವಾಗಿ ಸಾಗುವ ಗೆರೆಗಳನ್ನು ಮಾತ್ರ ಇಟ್ಟುಕೊಳ್ಳಿ. ಎರಡು ಬೇರೆ ನೋಟಗಳಲ್ಲಿ, ಒಂದೆರಡು ದಿನದ ಅಂತರದಲ್ಲಿ, ಮತ್ತೆ ಕಾಣಿಸಿದರೆ ಅದು ನಿಜ. ಒಂದೇ ಸಲ ಕಂಡು ಮಾಯವಾದದ್ದು ಬಹುಮಟ್ಟಿಗೆ ಮೋಡದ ಅಂಚು.

ಮೋಡ ಜಾಸ್ತಿಯಿದ್ದರೆ ಹಲವು ದಿನ ಸೇರಿಸುವ ಆಸೆಯಾಗುತ್ತದೆ. ಅಂಚಿಗೆ ಮೂರು ದಿನಕ್ಕಿಂತ ಹೆಚ್ಚು ಸೇರಿಸಬೇಡಿ. ಸೆಕೆಂಡಿಗೆ 0.2 ಮೀಟರಿನ ಹರಿವು ದಿನಕ್ಕೆ 17 ಕಿಲೋಮೀಟರು ಸರಿಸುತ್ತದೆ. ಎಂಟು ದಿನದ ಸರಾಸರಿಯಲ್ಲಿ ಒಂದೇ ಅಂಚು ಮಸುಕಾದ ಪಟ್ಟೆಯಾಗುತ್ತದೆ, ಇಲ್ಲವೇ ಮೋಡದ ತೂತುಗಳ ಆಕಾರದಲ್ಲಿ ಮೂರು ಸುಳ್ಳು ಅಂಚುಗಳಾಗುತ್ತವೆ. ದೋಣಿಗೆ ಕೊಡುವ ನಕ್ಷೆಯ ಮೇಲೆ ಅಂಚನ್ನು ಕಂಡ ಗಂಟೆ ಬರೆಯಿರಿ.

ಹಸಿರು ಕಂಡರೆ ಹಿಗ್ಗಬೇಡಿ

ಕ್ಲೋರೊಫಿಲ್ ಲೆಕ್ಕದ ಹೂರಣ ಸರಳ. ಪಾಚಿ ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. 443, 490 ನ್ಯಾನೊಮೀಟರಿನ ನೀಲಿಗೂ 555ರ ಸುತ್ತಲಿನ ಹಸಿರಿಗೂ ಇರುವ ಅನುಪಾತದಿಂದ ಘನ ಮೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಲೆಕ್ಕ ಕಟ್ಟುತ್ತಾರೆ. ತೆರೆದ ಕಡಲಿನಲ್ಲಿ ಶೇ 35ರೊಳಗಿನ ದೋಷ ಎಂಬುದು ವಿಜ್ಞಾನಿಗಳು ಇಟ್ಟುಕೊಂಡಿರುವ ಗುರಿ. ದಡದ ಬಳಿ ಅದನ್ನು ನಿರೀಕ್ಷಿಸಬೇಡಿ. ನದಿ ತಂದ ಕೊಳೆತೆಲೆಯ ಕಷಾಯವೂ ನೀಲಿಯನ್ನೇ ಹೀರುತ್ತದೆ. ಕೆಸರು ಹಸಿರು, ಕೆಂಪು ಎರಡನ್ನೂ ಚಿಮ್ಮಿಸುತ್ತದೆ. ಮಳೆ ಬಂದ ಮರುವಾರ ನದಿಬಾಯಲ್ಲಿ ಕಾಣುವ ‘ಭಾರೀ ಕ್ಲೋರೊಫಿಲ್’ ಎಷ್ಟೋ ಸಲ ಬರೀ ಮಣ್ಣು. ಪರೀಕ್ಷೆ ಹೀಗೆ: ಅದೇ ಕಡತದ 665 ಅಥವಾ 670 ನ್ಯಾನೊಮೀಟರಿನ ಕೆಂಪು ಪ್ರತಿಫಲನದ ಪದರ ತೆರೆಯಿರಿ. ಕ್ಲೋರೊಫಿಲ್ ಹೆಚ್ಚಿರುವ ಜಾಗದಲ್ಲೇ ಕೆಂಪೂ ಎದ್ದು ಹೊಳೆಯುತ್ತಿದ್ದರೆ ಅದು ಕೆಸರು, ಗುರುತು ಅಳಿಸಿ. ತಿಳಿನೀರಿನ ಆಳವಿಲ್ಲದ ಜಾಗದಲ್ಲಿ ತಳದ ಮರಳು, ಹುಲ್ಲು ಕೂಡ ಹೀಗೆಯೇ ಮೋಸ ಮಾಡುತ್ತವೆ. 20 ಮೀಟರಿಗಿಂತ ಆಳ ಕಡಿಮೆ ಇರುವಲ್ಲಿ ಬಣ್ಣದ ಪದರವನ್ನು ಬಿಟ್ಟುಬಿಡುವುದೇ ಕ್ಷೇಮ.

ಸರಾಸರಿ ತೆಗೆಯುವಾಗ ಮೊದಲು ಲಾಗರಿದಂ ಮಾಡಿಕೊಳ್ಳಿ. 0.1, 0.1, 0.1, 10 ಈ ನಾಲ್ಕರ ಸಾದಾ ಸರಾಸರಿ 2.6, ಲಾಗ್ ಮಾಡಿ ತೆಗೆದರೆ 0.32. ಒಂದು ಕೆಟ್ಟ ಪಿಕ್ಸೆಲ್ ಇಡೀ ವಾರವನ್ನು ಹಸಿರಾಗಿಸುವುದು ಮೊದಲನೆಯ ಬಗೆಯಲ್ಲಿ. ಇಳಿಜಾರಿನ ಲೆಕ್ಕವನ್ನೂ ಲಾಗ್ ಬೆಲೆಯ ಮೇಲೆಯೇ ಮಾಡಿ.

ಉಪಗ್ರಹ ಎಷ್ಟು ಆಳ ನೋಡುತ್ತದೆ? ಬೆಳಕು ಕುಗ್ಗುವ ಗುಣಾಂಕದಿಂದ ಒಂದನ್ನು ಭಾಗಿಸಿ. ಗುಣಾಂಕ 0.05 ಇದ್ದರೆ 20 ಮೀಟರು, 0.2 ಇದ್ದರೆ 5 ಮೀಟರು. ಕಾಣುವ ಸಂಕೇತದ ಶೇ 90ರಷ್ಟು ಅಷ್ಟರೊಳಗಿನದು. ಪದರಗಟ್ಟಿದ ಬೆಚ್ಚನೆಯ ಕಡಲಿನಲ್ಲಿ ಪಾಚಿಯ ದಟ್ಟ ಪಟ್ಟಿ ಅದಕ್ಕೂ ಕೆಳಗಿರುತ್ತದೆ. ನಕ್ಷೆ ನೀಲಿಯಾಗಿದೆ ಎಂದರೆ ಕಡಲು ಬರಡು ಎಂದಲ್ಲ. ಹಾಗೆಯೇ ಹಸಿರು ಎಂದರೆ ಅಂದೇ ಮೀನು ಎಂದೂ ಅಲ್ಲ. ಪಾಚಿಯನ್ನು ತಿಂದು ಪ್ರಾಣಿಪ್ಲವಕ ಬೆಳೆಯಬೇಕು, ಅದನ್ನು ತಿನ್ನಲು ಮೀನು ಬರಬೇಕು, ಅಷ್ಟಕ್ಕೆ ದಿನ-ವಾರಗಳು ಹಿಡಿಯುತ್ತವೆ. ನಿನ್ನೆ ಮೊನ್ನೆ ಸಿಡಿದ ಹಸಿರಿಗಿಂತ ಎರಡು ವಾರದಿಂದ ಅಲ್ಲೇ ಇರುವ ಸಾಧಾರಣ ಹಸಿರಿನ ಅಂಚು ಹೆಚ್ಚು ಭರವಸೆಯದ್ದು.

ಮಟ್ಟ, ರಾಡಾರ್, ಹಡಗು

ಕಡಲ ಮಟ್ಟದ ನಕ್ಷೆ ಸುಳಿಗಳನ್ನು ತೋರಿಸುತ್ತದೆ. ಉತ್ತರ ಗೋಳಾರ್ಧದಲ್ಲಿ ಗಡಿಯಾರದ ಎದುರು ದಿಕ್ಕಿಗೆ ತಿರುಗುವ ಸುಳಿಯ ನಡುವೆ ಮಟ್ಟ ತಗ್ಗಿರುತ್ತದೆ, ಅಲ್ಲಿ ಕೆಳಗಿನ ತಣ್ಣೀರು, ಪೋಷಕಾಂಶ ಮೇಲಕ್ಕೆ ಏರುತ್ತವೆ. ಎರಡು ಕಡೆ ಇದನ್ನು ನಂಬಬೇಡಿ: ಭೂಮಧ್ಯರೇಖೆಯ ಆಚೀಚೆ ಸುಮಾರು 5 ಡಿಗ್ರಿಯೊಳಗೆ, ಏಕೆಂದರೆ ಮಟ್ಟದಿಂದ ಹರಿವು ಲೆಕ್ಕ ಹಾಕುವ ಮಾಮೂಲಿ ಸೂತ್ರ ಅಲ್ಲಿ ಮುರಿಯುತ್ತದೆ, ಮತ್ತು ದಡಕ್ಕೆ ತೀರ ಹತ್ತಿರ, ಏಕೆಂದರೆ ಮಟ್ಟ ಅಳೆಯುವ ರಾಡಾರ್ ಒಮ್ಮೆಗೆ ನೋಡುವ ಜಾಗದೊಳಗೆ ನೆಲ ಸೇರಿಕೊಳ್ಳುತ್ತದೆ. 2022ರ ಡಿಸೆಂಬರಿನಲ್ಲಿ ಹೋದ ಸ್ವಾಟ್ ಉಪಗ್ರಹ 120 ಕಿ.ಮೀ. ಅಗಲದ ಪಟ್ಟಿಯನ್ನೇ ಅಳೆಯುವುದರಿಂದ ಸಣ್ಣ ಸುಳಿಗಳೂ ಕಾಣತೊಡಗಿವೆ. ಆದರೆ ಅದು ಅದೇ ದಾರಿಗೆ ಮರಳುವುದು 21 ದಿನಕ್ಕೊಮ್ಮೆ.

ಸೆಂಟಿನೆಲ್-1ರ ರಾಡಾರ್ ಚಿತ್ರದಲ್ಲಿ ಹಡಗು ಬಿಳಿ ಚುಕ್ಕೆ, ಎಣ್ಣೆ ಕಪ್ಪು ಕಲೆ. ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆಯಿದ್ದರೆ ಸುಮ್ಮನೆ ನಿಂತ ನೀರೂ ಕಪ್ಪಗೇ ಕಾಣುತ್ತದೆ. ಗಾಳಿ ಬಿರುಸಾಗಿದ್ದರೆ ಎಣ್ಣೆಯೇ ಕದಡಿ ಮಾಯವಾಗುತ್ತದೆ. ಗಾಳಿಯ ಅಂಕಿ ಪಕ್ಕದಲ್ಲಿಲ್ಲದೆ ಎಣ್ಣೆ ಸೋರಿಕೆ ಎಂದು ಕೂಗಬೇಡಿ. ಚಲಿಸುವ ಹಡಗು ತನ್ನದೇ ನೀರಿನ ಜಾಡಿನಿಂದ ನೂರಾರು ಮೀಟರು ಪಕ್ಕಕ್ಕೆ ಸರಿದು ಕಾಣುವುದುಂಟು. ಅದು ರಾಡಾರಿನ ಸ್ವಭಾವ. ಗಡಿ ದಾಟಿತೋ ಇಲ್ಲವೋ ಎಂಬ ವಾದಕ್ಕೆ ಆ ಚುಕ್ಕೆಯೊಂದನ್ನೇ ಸಾಕ್ಷಿ ಮಾಡಬಾರದು. ರಾಡಾರಿನಲ್ಲಿದ್ದು ಎಐಎಸ್ ಸಂಕೇತದಲ್ಲಿ (ಹಡಗು ತನ್ನ ಹೆಸರು, ಜಾಗವನ್ನು ತಾನೇ ಸಾರುವ ರೇಡಿಯೊ ಸಂಕೇತ) ಇಲ್ಲದ ದೋಣಿಯೆಲ್ಲ ಕಳ್ಳ ದೋಣಿಯೂ ಅಲ್ಲ. ಅಂತರರಾಷ್ಟ್ರೀಯ ನಿಯಮ ಅದನ್ನು ಕಡ್ಡಾಯ ಮಾಡಿರುವುದು ಮುಖ್ಯವಾಗಿ ವಿದೇಶಯಾನದ 300 ಟನ್ನಿನ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ.

ನೀರಿನಲ್ಲಿ ತಾಳೆ ನೋಡುವುದು

ಉಪಗ್ರಹ ಹಾದುಹೋದ ಮೂರು ಗಂಟೆಯೊಳಗೆ, ದೋಣಿಯ ಎಂಜಿನ್ ನೀರು ಬಿಡದ ಬದಿಯಿಂದ, ಬಕೆಟ್ಟಿನಲ್ಲಿ ನೀರೆತ್ತಿ ನೆರಳಿನಲ್ಲಿಟ್ಟು ತಕ್ಷಣ ತಾಪಮಾನ ನೋಡಿ. ಬಿಸಿಲಿಗೆ ಕಾದ ಬಕೆಟ್ಟಾದರೆ ಮೊದಲ ನೀರನ್ನು ಚೆಲ್ಲಿ ಮತ್ತೆ ಎತ್ತಬೇಕು. ಅವಗೆಂಪು ಉಪಕರಣ ನೋಡುವುದು ಕೂದಲೆಳೆಗಿಂತ ತೆಳುವಾದ ಚರ್ಮವನ್ನು. ಅದು ಕೆಳಗಿನ ನೀರಿಗಿಂತ 0.1–0.2 ಡಿಗ್ರಿ ತಣ್ಣಗಿರುವುದು ಸಹಜ. ಮೂವತ್ತು ಜೋಡಿ ಅಳತೆ ಸೇರಿದ ಮೇಲೆ ವ್ಯತ್ಯಾಸಗಳ ಮಧ್ಯಮ ಬೆಲೆ ತೆಗೆಯಿರಿ. ಅದು ಅರ್ಧ ಡಿಗ್ರಿಗಿಂತ ಹೆಚ್ಚಿದ್ದರೆ ಮೊದಲು ನಿಮ್ಮ ಥರ್ಮಾಮೀಟರನ್ನು ಕರಗುತ್ತಿರುವ ಮಂಜಿನ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡಿ. ಆಮೇಲೆ ಉಪಗ್ರಹವನ್ನು ದೂರಿ.

ಬಿಳಿ ತಟ್ಟೆಯನ್ನು ದೋಣಿಯ ನೆರಳಿನ ಬದಿಯಲ್ಲಿ ಇಳಿಸಿ, ಕಣ್ಮರೆಯಾದ ಆಳ ಮತ್ತು ಎತ್ತುವಾಗ ಮತ್ತೆ ಕಂಡ ಆಳದ ಸರಾಸರಿ ಬರೆಯಿರಿ. 1.7ನ್ನು ಆ ಆಳದಿಂದ ಭಾಗಿಸಿದರೆ ಬೆಳಕು ಕುಗ್ಗುವ ಗುಣಾಂಕದ ಒರಟು ಅಂದಾಜು: ಎಂಟೂವರೆ ಮೀಟರಿಗೆ 0.2.

ಹಿಡಿದದ್ದನ್ನು ಬರೆಯುವುದು

ಪ್ರತಿ ಬೀಸಿಗೂ ಜಾಗ, ಬಲೆ ಇಳಿಸಿದ-ಎತ್ತಿದ ಗಂಟೆ, ಆಳ, ಬಲೆಯ ಬಗೆ, ಕಣ್ಣಿನ ಅಳತೆ, ಜಾತಿವಾರು ತೂಕ ಬರೆಯಿರಿ. ಕಣ್ಣುಮುಚ್ಚಿ ಎತ್ತಿದ ಐವತ್ತು ಮೀನಿನ ಉದ್ದ ಅಳೆಯಿರಿ. ಆ ಜಾತಿ ಮೊದಲ ಸಲ ಮೊಟ್ಟೆಯಿಡುವ ಉದ್ದವನ್ನು ಫಿಶ್‌ಬೇಸ್ ತಾಣದಲ್ಲಿ ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳಿ. ಬರಿಗೈಯಲ್ಲಿ ಬಂದ ಬೀಸನ್ನೂ ಬಿಡಬೇಡಿ.

ಈ ದಾಖಲೆಯನ್ನು ಓದುವಾಗ ಒಂದು ಬಲೆಯಿದೆ, ಅದಕ್ಕೆ ನಕ್ಷೆ ಮಾಡಿದವರೇ ಬೀಳುತ್ತಾರೆ. ಎಲ್ಲ ದೋಣಿಗಳೂ ನಕ್ಷೆ ನೋಡಿ ಅಂಚಿಗೇ ಹೋದರೆ ಗಂಟೆಗೆ ಸಿಗುವ ಮೀನು ಚೆನ್ನಾಗಿಯೇ ಇರುತ್ತದೆ, ಕಡಲಿನಲ್ಲಿ ಒಟ್ಟು ಮೀನು ಅರ್ಧಕ್ಕೆ ಇಳಿದಿದ್ದರೂ. ಉಳಿದ ಮೀನು ಅಂಚಿನಲ್ಲೇ ಗುಂಪುಗೂಡಿರುತ್ತದೆ, ನಾವು ಆ ಗುಂಪನ್ನೇ ಹುಡುಕಿ ಹಿಡಿಯುತ್ತಿರುತ್ತೇವೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಉತ್ತರ ಕಾಡ್ ಮೀನು ಕುಸಿಯುತ್ತಿದ್ದ ವರ್ಷಗಳಲ್ಲೂ ದೊಡ್ಡ ಟ್ರಾಲರುಗಳಿಗೆ ಗಂಟೆಗೆ ಸಿಗುವ ಮೀನಿನ ಪ್ರಮಾಣ ಚೆನ್ನಾಗಿಯೇ ಕಾಣುತ್ತಿತ್ತು. 1992ರ ಜುಲೈಯಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಕ್ಷೆ ಚೂಪಾದಷ್ಟೂ ಈ ಅಪಾಯ ಹೆಚ್ಚು.

ಅದಕ್ಕೊಂದು ಉಪಾಯ: ಐದು ಬೀಸಿಗೆ ಒಂದನ್ನು ನಕ್ಷೆಯಲ್ಲಿ ಗುರುತಿಲ್ಲದ, ಹಿಡಿಯಲು ಅನುಮತಿಯಿರುವ ಜಾಗದಲ್ಲಿ ಚೀಟಿ ಎತ್ತಿ ಹಾಕಿ. ಡೀಸೆಲ್ ದಂಡ ಎಂದು ದೋಣಿಯವರು ಗೊಣಗುತ್ತಾರೆ. ಆ ಬೀಸಿನ ಖರ್ಚನ್ನು ಸಂಘ ಹಂಚಿಕೊಳ್ಳದಿದ್ದರೆ ಇದು ಎರಡೇ ವಾರದಲ್ಲಿ ನಿಂತುಹೋಗುತ್ತದೆ. ಕಡಲಿನ ನಿಜವಾದ ಸ್ಥಿತಿ ತಿಳಿಯುವುದು ಆ ಐದನೆಯ ಬೀಸಿನ ಸಾಲಿನಿಂದ. ಅಂಚಿನ ಬೀಸು ತುಂಬಿದ್ದು, ಚೀಟಿಯ ಬೀಸು ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅಂಚಿನ ಗುರುತು ಕೊಡುವುದನ್ನು ಕಡಿಮೆ ಮಾಡಿ.

ನಿಲ್ಲಿಸುವ ಮಿತಿಯನ್ನು ಋತು ಶುರುವಾಗುವ ಮುಂಚೆಯೇ ಬರೆದು ಎಲ್ಲರ ಸಹಿ ಹಾಕಿಸಿ; ಬಲೆ ತುಂಬಿದ ದಿನ ಮಿತಿಯ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ. ಉದಾಹರಣೆಗೆ, ಅಳೆದ ಐವತ್ತರಲ್ಲಿ ಹತ್ತಕ್ಕಿಂತ ಹೆಚ್ಚು ಮೀನು ಮೊಟ್ಟೆಯಿಡುವ ಉದ್ದ ತಲುಪಿರದಿದ್ದರೆ ಆ ಚೌಕಕ್ಕೆ ಎರಡು ವಾರ ಬೂದು ಬಣ್ಣ, ಅಂದರೆ ಅಲ್ಲಿ ಬಲೆ ಬೇಡ. ಬೂದು ಚೌಕದೊಳಗೆ ಎಂಥ ಚೂಪಾದ ಅಂಚು ಕಂಡರೂ ಅದನ್ನು ನಕ್ಷೆಯಲ್ಲಿ ಎಳೆಯಬೇಡಿ. ಎರಡು ವಾರ ಕಳೆದ ಮೇಲೆ ಒಂದೇ ದೋಣಿ ಹೋಗಿ, ಒಂದೇ ಬೀಸು ಹಾಕಿ, ಮತ್ತೆ ಐವತ್ತು ಅಳೆದು ಬರಲಿ.